ತಲೆಗೆ ನೀರು ಹಾಕಿದರೆ ಬರುವ ಮೂರ್ಛೆ

ಕೋಲಾರ, ಬಂಗಾರಪೇಟೆ ಕಡೆಯ ರೈಲಿನಲ್ಲಿ ಬಂದು ಕೃಷ್ಣರಾಜಪುರದಲ್ಲಿ ಇಳಿದು, ಟಿನ್ ಫ್ಯಾಕ್ಟರಿ ಬಳಿ ಬಸ್ಸು ಹಿಡಿದು ನಿಮ್ಹಾನ್ಸ್‌ಗೆ ಹೋಗುವವರನ್ನು ಕೈಯಲ್ಲಿರುವ ಸ್ಕ್ಯಾನ್ ಕವರಿನಿಂದಲೇ ಗುರುತಿಸಬಹುದು. ಯಾಕೆ ಹೊರಟಿರಿ ಎಂದರೆ ‘ಹುಡುಗನಿಗೆ ಪಿಟ್ಸು’ ಎನ್ನುತ್ತಾರೆ. ಹೀಗೆ ಹೋಗುವವರಲ್ಲಿ ಕೆಲವರದು ವಿಚಿತ್ರ ಕಾಯಿಲೆ. ಓದುವಾಗ, ಓಡುವಾಗ, ಮಲಗಿದಾಗ ಏನೂ ಇಲ್ಲ. ತಲೆಗೆ ಬಿಸಿನೀರು ಹಾಕಿಕೊಂಡಾಗ ಮಾತ್ರ ದೃಷ್ಟಿ ನೆಟ್ಟು, ಮಾತು ತೊದಲಿ, ಬಚ್ಚಲಲ್ಲೇ ಕುಸಿಯುತ್ತಾರೆ.

ವೈದ್ಯರು ‘ಬಿಸಿನೀರಿನ ಅಪಸ್ಮಾರ’ ಎನ್ನುವ ಈ ಕಾಯಿಲೆಯ ಮೊದಲ ವರದಿ ಬಂದದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಿಂದ. ಆದರೆ ಅದು ಗುಂಪುಗುಂಪಾಗಿ ಕಾಣಿಸಿಕೊಂಡದ್ದು ಹಳೆ ಮೈಸೂರು ಸೀಮೆಯಲ್ಲಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ 1968ರಲ್ಲಿ ಇದರ ಬಗ್ಗೆ ಬರೆದರು. 1972ರ ಹೊತ್ತಿಗೆ ಅವರ ಬಳಿ 60 ರೋಗಿಗಳ ವಿವರವಿತ್ತು. ಅದೇ ಜಾಡಿನಲ್ಲಿ ನಡೆದವರು ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ. 1988ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಬಂಧದಲ್ಲಿದ್ದದ್ದು 279 ರೋಗಿಗಳು. 2010ರಿಂದ ಐದು ವರ್ಷ ಅವರು ಸಂಸ್ಥೆಯ ನಿರ್ದೇಶಕರೂ ಆದರು. ನನ್ನ ಮಟ್ಟಿಗೆ ಆ ಕುರ್ಚಿಗಿಂತ ದೊಡ್ಡದು, ಬಚ್ಚಲುಮನೆಯ ಒಂದು ಪ್ರಶ್ನೆಯನ್ನು ದಶಕಗಟ್ಟಲೆ ಬಿಡದೆ ಹಿಡಿದದ್ದು.

ನಮ್ಮ ಸ್ನಾನದ ರೀತಿ ನೋಡಿ. ಹಂಡೆಯಲ್ಲಿ ನೀರು ಕುದಿಯುವಷ್ಟು ಕಾದಿರುತ್ತದೆ. ತಣ್ಣೀರು ಬೆರೆಸಿದರೂ ಮೈ ಕೆಂಪಾಗುವಷ್ಟು ಬಿಸಿ, 40ರಿಂದ 50 ಡಿಗ್ರಿ ಸೆಲ್ಸಿಯಸ್. ಎಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ, ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುತ್ತೇವೆ. ನೀರು ತುಂಬುವ ಹಬ್ಬದ ಮರುದಿನವಂತೂ ಮನೆಮಂದಿಗೆಲ್ಲ ಅಭ್ಯಂಜನ. ಬಹುತೇಕ ರೋಗಿಗಳಲ್ಲಿ ಮೂರ್ಛೆ ಎಬ್ಬಿಸುವುದು ಹೀಗೆ ನೆತ್ತಿಗೆ ಬೀಳುವ ನೀರೇ. ಇನ್ನೂ ವಿಚಿತ್ರವೆಂದರೆ, ಕೆಲವರಿಗೆ ಆ ಹೊತ್ತಿನಲ್ಲಿ ಹಿತವೆನಿಸಿ, ಬೇಡವೆಂದರೂ ಕೇಳದೆ ಸುರಿದುಕೊಳ್ಳುತ್ತಲೇ ಹೋಗುತ್ತಾರೆ. ದೆವ್ವ ಮೆಟ್ಟಿತು ಎಂದು ಊರವರು ಅಂದುಕೊಂಡರೆ ಆಶ್ಚರ್ಯವೇನು?

ಇಂಥವರ ಮಿದುಳಿನ ಎಂ.ಆರ್.ಐ. ಸಾಮಾನ್ಯವಾಗಿ ಚೊಕ್ಕವಾಗಿರುತ್ತದೆ. ಗಾಯವಿಲ್ಲ, ಗಡ್ಡೆಯಿಲ್ಲ. ದೋಷವಿರುವುದು ಮಿದುಳಿನ ರಚನೆಯಲ್ಲಲ್ಲ, ಕೆಲಸದಲ್ಲಿ. ಅದೂ ನೀರು ಬಿದ್ದ ಆ ಎರಡು ನಿಮಿಷದಲ್ಲಿ. ನೀರು ಸುರಿಯುತ್ತಿರುವಾಗ ಮನುಷ್ಯನನ್ನು ಯಂತ್ರದೊಳಗೆ ಮಲಗಿಸುವುದಾದರೂ ಹೇಗೆ? ಸ್ಪೆಕ್ಟ್ ಸ್ಕ್ಯಾನ್ ಕೈಹಿಡಿದದ್ದು ಇಲ್ಲೇ. ಟೆಕ್ನೀಶಿಯಂ ಎಂಬ ವಿಕಿರಣಶೀಲ ಧಾತು ಸೇರಿಸಿದ ಔಷಧವನ್ನು ಮೂರ್ಛೆ ಶುರುವಾದ ಗಳಿಗೆಯಲ್ಲೇ ರಕ್ತನಾಳಕ್ಕೆ ಚುಚ್ಚಬೇಕು. ಆ ಕ್ಷಣ ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ನುಗ್ಗುತ್ತದೋ ಅಲ್ಲಿ ಔಷಧ ಹೆಚ್ಚು ಸೇರಿ, ಅಲ್ಲೇ ಅಂಟಿಕೊಳ್ಳುತ್ತದೆ. ಇಲ್ಲಿ ಬಳಸುವ ಟೆಕ್ನೀಶಿಯಂ ರೂಪದ ಅರ್ಧಾಯುಷ್ಯ ಆರು ಗಂಟೆ. ರೋಗಿ ಸುಧಾರಿಸಿಕೊಂಡ ಮೇಲೆ ನಿಧಾನಕ್ಕೆ ಸ್ಕ್ಯಾನ್ ಮಾಡಿದರೂ ಸಿಗುವುದು ಮೂರ್ಛೆಯ ಹೊತ್ತಿನ ಚಿತ್ರ. ತಡವಾಗಿ ಚುಚ್ಚಿದರೆ ಮಾತ್ರ ಅಷ್ಟೂ ಶ್ರಮ ವ್ಯರ್ಥ.

ಸತೀಶ್‌ಚಂದ್ರ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಈ ಚಿತ್ರಗಳಲ್ಲಿ ಎರಡು ಜಾಗ ಎದ್ದು ಕಂಡವು: ಕಿವಿಯ ನೇರಕ್ಕಿರುವ ಟೆಂಪೊರಲ್ ಭಾಗದ ಒಳಮಗ್ಗುಲು ಮತ್ತು ಹೈಪೊಥಲಾಮಸ್. ಮೊದಲನೆಯದು ಅಪಸ್ಮಾರದ ವೈದ್ಯರಿಗೆ ಹಳೆಯ ಪರಿಚಯ. ಎರಡನೆಯದು ಮೈಯ ಶಾಖವನ್ನು ಹದದಲ್ಲಿಡುವ ಅಂಗ. ಬಿಸಿನೀರು ಬಿದ್ದಾಗ ಈ ರೋಗಿಗಳ ಮೈಶಾಖ ಬೇರೆಯವರಿಗಿಂತ ಬೇಗ ಏರಿ ತಡವಾಗಿ ಇಳಿಯುತ್ತದೆ ಎಂಬುದೂ ಅವರ ಅಧ್ಯಯನದಲ್ಲೇ ಕಂಡಿತ್ತು. ಎರಡೂ ಒಂದಕ್ಕೊಂದು ಕೂಡಿಬಂದವು.

ಕೆಲವೊಮ್ಮೆ ಒಂದೇ ಮನೆಯಲ್ಲಿ ಹಲವರಿಗೆ ಬರುವ ಕಾಯಿಲೆಯಾದ್ದರಿಂದ ವಂಶವಾಹಿಯ ಹುಡುಕಾಟವೂ ನಡೆಯಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಅನುರಂಜನ್ ಆನಂದ್ ತಂಡ ನಿಮ್ಹಾನ್ಸ್ ಜೊತೆ ಸೇರಿ 2009ರಲ್ಲಿ 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಇದರ ನೆಲೆ ಗುರುತಿಸಿತು. ನೆಲೆ ಎರಡಾಯಿತೆಂದರೆ, ಎಲ್ಲ ಮನೆತನಗಳಿಗೂ ಒಂದೇ ವಂಶವಾಹಿಯನ್ನು ಹೊಣೆ ಮಾಡಲಾಗದು.

ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ ಲಕ್ಷಕ್ಕೂ ಮಿಕ್ಕಿ ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ನಿಮ್ಹಾನ್ಸ್ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಎಲ್ಲ ಬಗೆಯ ಅಪಸ್ಮಾರ ಸೇರಿ ಪೇಟೆಯಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ಪೇಟೆ ಆಮೇಲೂ ಹಬ್ಬಿತು; ಕೃಷ್ಣರಾಜಪುರವನ್ನು ಮಹಾನಗರ ಪಾಲಿಕೆಗೆ ಸೇರಿಸಿದ್ದು ಸಮೀಕ್ಷೆಯ ನಂತರ, 2007ರಲ್ಲಿ. ಅಲ್ಲಿಯ ಹಂಡೆಗಳ ಜಾಗದಲ್ಲಿ ಈಗ ಗೀಸರುಗಳಿವೆ. ಹಾಗೆಂದು ಸುಡುನೀರಿನ ಚಪಲವೇನೂ ಹೋಗಿಲ್ಲ.

ಚಿಕಿತ್ಸೆ ಮಾತ್ರ ಸರಳ. ನೀರಿನ ಬಿಸಿ ತಗ್ಗಿಸುವುದು, ನೆತ್ತಿಗೆ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿಕೊಳ್ಳುವುದು, ಬೇಕಾದವರಿಗೆ ವೈದ್ಯರ ಸಲಹೆಯಂತೆ ಸ್ನಾನಕ್ಕೆ ಮುಂಚೆ ಕ್ಲೊಬಜಾಮ್ ಮಾತ್ರೆ. ಕೆಲವರಿಗೆ ಮುಂದೆ ನೀರಿನ ನಂಟಿಲ್ಲದೆಯೂ ಮೂರ್ಛೆ ಬರಬಹುದು. ಅವರಿಗೆ ದಿನವೂ ಮಾತ್ರೆ ಬೇಕು. ಇದನ್ನು ತೀರ್ಮಾನಿಸಲು ವೈದ್ಯರಿಗೆ ಸ್ಕ್ಯಾನ್ ಫಿಲ್ಮಿಗಿಂತ ಮೊದಲು ಬೇಕಾಗುವುದು ನೀರು ಹಾಕಿದ ಅಮ್ಮನೋ ಅಜ್ಜಿಯೋ ಕಣ್ಣಾರೆ ಕಂಡದ್ದು. ಆಸ್ಪತ್ರೆಗೆ ಹೊರಡುವಾಗ ಅವರನ್ನೂ ಕರೆದುಕೊಂಡು ಹೋಗಿ.