“ಇದನ್ನೆಲ್ಲ ಯಾರು ಹಾಕ್ಕೋತಾರೆ?”



‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನೀವು ಮನೆಯಲ್ಲಿ ಕೇಳಿಯೇ ಇರುತ್ತೀರಿ. ಹರಿದ ಜೀನ್ಸ್ ತೊಟ್ಟು ಮದುವೆಮನೆಗೆ ಹೊರಟು ನಿಂತ ದಿನ ಅಮ್ಮನ ಬಾಯಿಂದಲೇ ಕೇಳಿದ್ದರೂ ಆಶ್ಚರ್ಯವಿಲ್ಲ. ಪ್ಯಾರಿಸ್, ಲಂಡನ್ನಿನ ಫ್ಯಾಶನ್ ಪ್ರದರ್ಶನದ ದೃಶ್ಯ ಪರದೆಯ ಮೇಲೆ ಬಂದಾಗಲಂತೂ ಹಿರಿಯರದು ಒಂದೇ ಪ್ರಶ್ನೆ: “ಇದನ್ನೆಲ್ಲ ಯಾರು ಹಾಕ್ಕೋತಾರೆ?”

ಪ್ರಶ್ನೆ ಸರಿಯಾದದ್ದೇ. ಉತ್ತರವೂ ಸುಲಭ: ಹೆಚ್ಚಿನವನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಹಾಗಾದರೆ ಇಷ್ಟೊಂದು ಶ್ರಮ, ಇಷ್ಟೊಂದು ಹಣ ಏತಕ್ಕಾಗಿ? ಹೆಸರು ಮಾಡಿ ಸೆಂಟು, ಕೈಚೀಲ ಮಾರುವುದಕ್ಕಾಗಿ ಎನ್ನುವುದು ಅರ್ಧ ಸತ್ಯ. ಉಳಿದರ್ಧ ಇನ್ನೂ ಸ್ವಾರಸ್ಯದ್ದು. ಬಟ್ಟೆ ಅಂಗಡಿಯಲ್ಲಿ, ಕೊಳ್ಳುವ ಮೊದಲು ತೊಟ್ಟು ನೋಡಲೆಂದು ಒಂದು ಪುಟ್ಟ ಕೋಣೆ ಇರುತ್ತದಲ್ಲವೇ? ಈ ವೇದಿಕೆಗಳೂ ಅಂಥ ಕೋಣೆಗಳೇ. ಬರಲಿರುವ ಕಾಲವನ್ನು ಸಮಾಜ ಅಲ್ಲಿ ಮೈಮೇಲೆ ಹಾಕಿಕೊಂಡು ನೋಡುತ್ತದೆ: ಬಿಗಿಯಾಗುತ್ತದೆಯೇ, ಚುಚ್ಚುತ್ತದೆಯೇ, ಒಪ್ಪುತ್ತದೆಯೇ ಎಂದು.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು 1969ರಲ್ಲಿ. ಆದರೆ ಪ್ಯಾರಿಸ್ಸಿನ ಆಂದ್ರೆ ಕುರೇಜ್ ಅವರು 1964ರಲ್ಲೇ ಗಗನಯಾತ್ರಿಗಳನ್ನು ನೆನಪಿಸುವ, ನೇರ ಗೆರೆಗಳ ಬಿಳಿಯ ಉಡುಪುಗಳನ್ನು ಹೊಲಿದಿದ್ದರು. 1966ರಲ್ಲಿ ಪಾಕೋ ರಬಾನ್ ಅವರು ‘ತೊಡಲಾಗದ ಹನ್ನೆರಡು ಉಡುಪುಗಳು’ ಎಂದು ತಾವೇ ಹೆಸರಿಟ್ಟು ಇನ್ನೂ ಮುಂದೆ ಹೋದರು. ಪ್ಲಾಸ್ಟಿಕ್ ಮತ್ತು ಲೋಹದ ಬಿಲ್ಲೆಗಳನ್ನು ಉಂಗುರಗಳಿಂದ ಜೋಡಿಸಿದರು. ಸೂಜಿಯ ಜಾಗಕ್ಕೆ ಇಕ್ಕಳ ಬಂತು! ಆ ದಶಕಕ್ಕೆ ಯಂತ್ರವೆಂದರೆ ಭರವಸೆ. ಆದರೆ 1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಅಣುಯುದ್ಧದ ಅಂಚಿಗೆ ಹೋಗಿ ಬಂದಿದ್ದ ಜಗತ್ತೂ ಅದೇ. ಆ ಲೋಹದ ಅಂಗಿಯನ್ನು ಮತ್ತೊಮ್ಮೆ ನೋಡಿ: ಅದು ಆಭರಣವೂ ಹೌದು, ಕವಚವೂ ಹೌದು.

ಮೂರು ದಶಕ ಕಳೆಯುವಷ್ಟರಲ್ಲಿ ಯಂತ್ರ ಕಾರ್ಖಾನೆಯಲ್ಲಿ ಮನುಷ್ಯನ ಪಕ್ಕಕ್ಕೆ ಬಂದು ನಿಂತಿತ್ತು. 1998ರ ಸೆಪ್ಟೆಂಬರಿನಲ್ಲಿ, ಲಂಡನ್ನಿನಲ್ಲಿ, ಅಲೆಕ್ಸಾಂಡರ್ ಮೆಕ್ವೀನ್ ಅವರು ಆ ಯಂತ್ರವನ್ನೇ ವೇದಿಕೆಗೆ ತಂದರು. ಬಿಳಿಯ ಉಡುಪು ತೊಟ್ಟ ಶಾಲೋಮ್ ಹಾರ್ಲೋ ತಿರುಗುವ ಹಲಗೆಯ ಮೇಲೆ ನಿಂತಿದ್ದರು. ಎರಡೂ ಬದಿಗೆ, ಕಾರುಗಳಿಗೆ ಬಣ್ಣ ಬಳಿಯುವ ರೋಬೋಟ್‌ಗಳು. ಅವು ಮೆಲ್ಲನೆ ತಲೆಯೆತ್ತಿ, ಹೆಡೆಯಾಡಿಸಿ, ಆಕೆಯ ಮೇಲೆ ಕಪ್ಪು ಮತ್ತು ಹಳದಿ ಬಣ್ಣ ಚಿಮ್ಮಿಸಿದವು. ಆಕೆ ಕೈಗಳಿಂದ ಮೈ ಮರೆಮಾಡಿಕೊಳ್ಳಲು ನೋಡಿದರು. ಅದು ಆಕ್ರಮಣವೋ, ಅಲಂಕಾರವೋ? ಇಂದಿಗೂ ಹೇಳುವುದು ಕಷ್ಟ.

ಅದೇ ಪ್ರದರ್ಶನದಲ್ಲಿ ಇನ್ನೊಬ್ಬರಿದ್ದರು: ಓಟಗಾರ್ತಿ ಏಮಿ ಮುಲಿನ್ಸ್. ಒಂದು ವರ್ಷದ ಮಗುವಾಗಿದ್ದಾಗಲೇ ಅವರ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಗಿ ಬಂದಿತ್ತು. ಅವರು ನಡೆದದ್ದು ಹೂಬಳ್ಳಿ ಕೆತ್ತಿದ ಮರದ ಕಾಲುಗಳ ಮೇಲೆ. ನೋಡಿದವರಲ್ಲಿ ಕೆಲವರು ಅವನ್ನು ಬೂಟುಗಳೆಂದೇ ತಿಳಿದರು. ಒಂದೇ ಸಂಜೆ, ಒಂದು ಕಡೆ ಮನುಷ್ಯರನ್ನು ಬೆದರಿಸುವ ಯಂತ್ರ, ಇನ್ನೊಂದು ಕಡೆ ಮನುಷ್ಯರನ್ನು ನಡೆಸುವ ಕೈಕೆಲಸ.

ಭಯ ಯಂತ್ರದ್ದು ಮಾತ್ರವಲ್ಲ. ಹುಸೇನ್ ಚಲಾಯನ್ ಅವರು ಹುಟ್ಟಿದ್ದು 1970ರಲ್ಲಿ, ಸೈಪ್ರಸ್ ದ್ವೀಪದಲ್ಲಿ. ನಾಲ್ಕು ವರ್ಷಗಳಲ್ಲೇ ಆ ದ್ವೀಪ ಎರಡು ಹೋಳಾಯಿತು, ಜನ ಮನೆಮಠ ಬಿಟ್ಟು ಓಡಿದರು. 2000ದ ಫೆಬ್ರವರಿಯಲ್ಲಿ ಲಂಡನ್ನಿನ ರಂಗಮಂದಿರವೊಂದರಲ್ಲಿ ಅವರು ಒಂದು ಮನೆಯ ಹಜಾರವನ್ನು ಕಟ್ಟಿದರು. ರೂಪದರ್ಶಿಗಳು ಬಂದು ಕುರ್ಚಿಯ ಹೊದಿಕೆಗಳನ್ನು ಕಳಚಿ ತೊಟ್ಟರು. ಕುರ್ಚಿಗಳು ಮಡಚಿ ಸೂಟ್‌ಕೇಸುಗಳಾದವು. ಕೊನೆಗೆ ದುಂಡು ಮೇಜಿನ ನಡುವೆ ಒಬ್ಬಾಕೆ ಕಾಲಿಟ್ಟು ಮೇಲಕ್ಕೆಳೆದಾಗ, ಆ ಮರದ ಮೇಜೇ ಲಂಗವಾಯಿತು. ಖಾಲಿಯಾದ ಹಜಾರ ಹಿಂದುಳಿಯಿತು.

ನಿಮ್ಮ ಹಿರಿಯರು ಯುದ್ಧಕ್ಕೆ ಹೆದರಿ ಊರು ಬಿಟ್ಟವರಲ್ಲ, ಕೆಲಸ ಹುಡುಕಿ ಬಂದವರು. ಆದರೂ ಮಂಚದಡಿಯಲ್ಲೋ ಅಟ್ಟದ ಮೇಲೋ ಉಳಿದಿರುವ ಆ ಹಳೆಯ ಟ್ರಂಕನ್ನು ಒಮ್ಮೆ ನೆನೆಯಿರಿ. ಮನೆಯಲ್ಲಿ ಎಷ್ಟನ್ನು ಹೊತ್ತು ತರಬಹುದು, ಎಷ್ಟನ್ನು ಬಿಟ್ಟು ಬರಬೇಕು ಎಂಬ ಲೆಕ್ಕ ಅವರಿಗೂ ಗೊತ್ತಿತ್ತು.

ಇನ್ನು 2022ಕ್ಕೆ ಬನ್ನಿ. ಪ್ಯಾರಿಸ್ಸಿನಲ್ಲಿ ಕೊಪರ್ನಿ ಸಂಸ್ಥೆಯ ಪ್ರದರ್ಶನ. ಬೆಲ್ಲಾ ಹದೀದ್ ಒಳಉಡುಪಿನಲ್ಲಿ ಬಂದು ನಿಂತರು. ಮಾನೆಲ್ ಟೋರೆಸ್ ಮತ್ತು ಅವರ ಸಂಗಡಿಗರು ಆಕೆಯ ಮೈಮೇಲೆ ಬಿಳಿಯ ದ್ರವವನ್ನು ಸಿಂಪಡಿಸಿದರು. ನೂಲಿನ ಎಳೆಗಳಿದ್ದ ಆ ದ್ರವ ಆರುತ್ತಿದ್ದಂತೆ ಬಟ್ಟೆಯಾಯಿತು. ಸುಮಾರು ಹತ್ತು ನಿಮಿಷಗಳಲ್ಲಿ ಉಡುಪು ಸಿದ್ಧ! 1998ರಲ್ಲಿ ಬೆದರಿಕೆಯಂತೆ ಕಂಡ ಅದೇ ಸಿಂಪಡಣೆ 24 ವರ್ಷಗಳ ಬಳಿಕ ಚಪ್ಪಾಳೆ ಗಿಟ್ಟಿಸಿತು. ನಾವು ಯಂತ್ರಕ್ಕೆ ಒಗ್ಗಿಕೊಂಡಿದ್ದೆವು. ಆದರೆ ಒಂದನ್ನು ಗಮನಿಸಿದಿರಾ? ಕೊನೆಯಲ್ಲಿ ವಿನ್ಯಾಸಕಿಯೊಬ್ಬರು ಬಂದು ತೋಳಿನ ಪಟ್ಟಿಯನ್ನು ಕೈಯಿಂದ ಸರಿಪಡಿಸಿ, ಕತ್ತರಿ ಹಿಡಿದು ಕೆಳಅಂಚನ್ನು ಸೀಳಿದರು. ಸಿಂಪಡಿಸುವ ಪಿಚಕಾರಿಯೂ ಮನುಷ್ಯರ ಕೈಯಲ್ಲೇ ಇತ್ತು.

ಈ ಕೈಯ ಮಾತನ್ನು ಮರೆಯಬೇಡಿ. ವೇದಿಕೆಯ ದೀಪ ಎಲ್ಲವನ್ನೂ ತೋರಿಸುವುದಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಪರದೇಶದ ಅಂಗಡಿಗಳಿಗೆ ಉಡುಪು ಹೊಲಿಯುತ್ತಿದ್ದವರು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು. ಆದರೂ ಕೆಲಸಕ್ಕೆ ಕರೆದರು. ರೋಬೋಟಿನ ಭಯವನ್ನು ತೊಟ್ಟು ನೋಡಿದ ವೇದಿಕೆ ಬಿರುಕು ಬಿಟ್ಟ ಗೋಡೆಯ ಭಯವನ್ನು ಎಷ್ಟು ಸಲ ತೊಟ್ಟು ನೋಡಿದೆ?

ನೀವು ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಕೆಲಸಕ್ಕೆ ಸೇರುತ್ತಿರುವವರು. ‘ನನ್ನ ಕೈಗೆ ನಾಳೆ ಕೆಲಸ ಇದ್ದೀತೇ?’ ಎಂಬ ಪ್ರಶ್ನೆ ನಿಮ್ಮದೂ ಹೌದು. ಹಾಗಾಗಿ ಮುಂದಿನ ಸಲ ಪರದೆಯ ಮೇಲೆ ವಿಚಿತ್ರ ಉಡುಪೊಂದು ಬಂದಾಗ ನಕ್ಕು ಸುಮ್ಮನಾಗಬೇಡಿ. ಎರಡು ಪ್ರಶ್ನೆ ಕೇಳಿ: ಇದು ಯಾವ ಭಯವನ್ನು ತೊಟ್ಟಿದೆ? ಇದರ ಹಿಂದೆ ಯಾರ ಕೈಗಳಿವೆ?

ಪಕ್ಕದಲ್ಲಿ ಕೂತ ಅಜ್ಜಿ “ಇದನ್ನೆಲ್ಲ ಯಾರು ಹಾಕ್ಕೋತಾರೆ?” ಎಂದರೆ ಹೇಳಿ: “ನಾವೇ ಅಜ್ಜಿ. ಈಗಾಗಲೇ ಹಾಕ್ಕೊಂಡಿದ್ದೀವಿ.”