ಭಾರತರತ್ನ: ಬಿರುದೋ, ಮನ್ನಣೆಯೋ?

ಗಣರಾಜ್ಯೋತ್ಸವದ ಹಿಂದಿನ ದಿನ ರೇಡಿಯೋ ವಾರ್ತೆಗಳಲ್ಲಿ ಪದ್ಮ ಗೌರವಗಳ ಪಟ್ಟಿಯನ್ನು ತಾವು ಕೇಳಿಯೇ ಇರುತ್ತೀರಿ. ನಮ್ಮ ಕಡೆಯವರ ಹೆಸರೊಂದು ಕಿವಿಗೆ ಬಿದ್ದರೆ ಸಾಕು, ಆ ಹೆಸರಿನ ಮೊದಲಿಗೆ ‘ಪದ್ಮಶ್ರೀ’ ಎಂದು ಸೇರಿಸಿ ಸತ್ಕಾರದ ಕರೆಯೋಲೆ ಅಚ್ಚಾಗಿಬಿಡುತ್ತದೆ. ವಿಜಯಪುರದ ಪೇಟೆಯಲ್ಲಾಗಲಿ, ಅರಕೇರಿಯಂಥ ಹಳ್ಳಿಯಲ್ಲಾಗಲಿ ರೂಢಿ ಒಂದೇ. ಅಭಿಮಾನದಿಂದ ಮಾಡುವ ಕೆಲಸವೇನೋ ಹೌದು; ಆದರೆ ಸರಿಯಾದುದಲ್ಲ. ಏಕೆಂಬುದನ್ನು ತುಸು ವಿಚಾರಿಸೋಣ.

ಬಿರುದು ಕನ್ನಡನಾಡಿಗೆ ಹೊಸದೇನೂ ಅಲ್ಲ. ಮುಧೋಳದ ರನ್ನನಿಗೆ ಚಾಲುಕ್ಯ ಚಕ್ರವರ್ತಿ ತೈಲಪನು ‘ಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತನು. ಅದು ಕವಿಯ ಹೆಸರಿನೊಡನೆ ಬೆಸೆದುಕೊಂಡೇ ಇಲ್ಲಿಯವರೆಗೆ ಬಂದಿದೆ. (‘ಪ್ರಶಸ್ತಿ’ ಎಂಬ ಮಾತೂ ಶಾಸನಗಳಲ್ಲಿ ಅರಸರ ಹೊಗಳಿಕೆಯ ಭಾಗಕ್ಕೆ ಸಲ್ಲುತ್ತಿದ್ದುದೇ.) ಆಂಗ್ಲರ ಕಾಲದ ‘ಸರ್’, ‘ರಾವ್ ಬಹಾದ್ದೂರ್’ಗಳೂ ಇದೇ ಜಾತಿಯವು. ಸ್ವತಂತ್ರ ಭಾರತದ ಸಂವಿಧಾನವಾದರೋ ತನ್ನ 18ನೆಯ ವಿಧಿಯಲ್ಲಿ, ಸೈನ್ಯದ ಮತ್ತು ವಿದ್ಯೆಯ ಪದವಿಗಳನ್ನುಳಿದು ಬೇರಾವ ಬಿರುದನ್ನೂ ಸರ್ಕಾರ ಕೊಡಕೂಡದೆಂದು ಕಟ್ಟುಮಾಡಿತು.

ಹಾಗಿದ್ದ ಮೇಲೆ 1954ರ ಜನವರಿ 2ರಂದು ಭಾರತರತ್ನವನ್ನೂ ಪದ್ಮವಿಭೂಷಣವನ್ನೂ ಸ್ಥಾಪಿಸಿದ್ದು ಹೇಗೆ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇವು ಬಿರುದುಗಳಲ್ಲ, ಯೋಗ್ಯತೆಗೆ ಸಲ್ಲುವ ಮನ್ನಣೆ. ಆದುದರಿಂದ ಹೆಸರಿನ ಮೊದಲಿಗಾಗಲಿ ಕೊನೆಗಾಗಲಿ ಇವನ್ನು ಸೇರಿಸತಕ್ಕದ್ದಲ್ಲವೆಂದು 1995ರ ಡಿಸೆಂಬರಿನಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ‘ಭಾರತರತ್ನ ಪುರಸ್ಕೃತರು’ ಎಂದು ಪರಿಚಯ ಹೇಳುವುದಕ್ಕೆ ಅಡ್ಡಿಯಿಲ್ಲ.

ಎರಡರ ಅಂತರವನ್ನು ಒಬ್ಬರಲ್ಲಿಯೇ ಕಾಣಬೇಕಾದರೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ನೆನೆಯಿರಿ. 1915ರಲ್ಲಿ ಬ್ರಿಟಿಷ್ ಸರ್ಕಾರ ಕೊಟ್ಟ ‘ಸರ್’ ಬಿರುದು. ಅದು ಹೆಸರಿಗೆ ಅಂಟಿ, ಇಂದಿಗೂ ಜನ ‘ಸರ್ ಎಂ.ವಿ.’ ಎನ್ನುತ್ತಾರೆ. 1955ರಲ್ಲಿ ಬಂದ ಭಾರತರತ್ನ ಅರಳಿ ಎಲೆಯಾಕಾರದ ಒಂದು ಪದಕ, ರಾಷ್ಟ್ರಪತಿಗಳ ಸಹಿಯುಳ್ಳ ಒಂದು ಸನದು, ಅಷ್ಟೆ. ಹಣದ ಮಾತೇ ಇಲ್ಲ. ಗದಗಿನಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಭೀಮಸೇನ ಜೋಶಿಯವರಿಗೆ ಈ ಗೌರವ 2008ರಲ್ಲಿ ಬಂದಿತು. ರೇಡಿಯೋ ಇರುವ ಮನೆಯವರಿಗೆ ಅವರ ಪರಿಚಯ ಹೇಳಬೇಕೆ? ಆ ಕಂಠ ಕೇಳಿದೊಡನೆ ನಾವು ‘ಭೀಮಸೇನರು’ ಎನ್ನುತ್ತೇವೆಯೇ ಹೊರತು ಪದಕವನ್ನು ನೆನೆಯುವುದಿಲ್ಲ. ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು ಇದನ್ನು ಪಡೆದದ್ದು 2014ರಲ್ಲಿ.

ಮನ್ನಣೆಯನ್ನು ಒಲ್ಲೆನೆನ್ನುವ ಸ್ವಾತಂತ್ರ್ಯವೂ ಉಂಟು. ಇದಕ್ಕೆ ನಿದರ್ಶನ ನಮ್ಮ ಮಗ್ಗುಲಲ್ಲೇ ಇದೆ. 2018ರ ಪದ್ಮಶ್ರೀ ಪಟ್ಟಿಯಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಹೆಸರು ಬಂದಿತ್ತು. ಇವರು ತಿಕೋಟಾ ಭಾಗದ ಬಿಜ್ಜರಗಿಯವರು; ಬೆಳಗಿನ ಇವರ ಪ್ರವಚನಕ್ಕೆ ಸಾವಿರಾರು ಜನ ನೆರೆಯುತ್ತಿದ್ದರು. ಕಿಸೆಯಿಲ್ಲದ ಬಿಳಿಯ ಅಂಗಿ ತೊಡುತ್ತಿದ್ದ ಅವರು ಪ್ರಧಾನಮಂತ್ರಿಗಳಿಗೆ ಪತ್ರ ಬರೆದು, ಸನ್ಯಾಸಿಗೆ ಇಂಥವುಗಳಲ್ಲಿ ಆಸಕ್ತಿಯಿಲ್ಲವೆಂದು ತಿಳಿಸಿ, ವಿನಯದಿಂದ ಗೌರವವನ್ನು ಹಿಂದಿರುಗಿಸಿದರು.

ಅದೇ ಪಟ್ಟಿಯಲ್ಲಿ ಮಹಾಲಿಂಗಪುರದ ಇಬ್ರಾಹಿಂ ಸುತಾರರೂ ಇದ್ದರು. ಭಜನೆ, ಸಂವಾದಗಳ ಮೂಲಕ ವಚನ, ತತ್ವಪದಗಳನ್ನು ಊರೂರಿಗೆ ಮುಟ್ಟಿಸಿದ ಅವರು ಪದ್ಮಶ್ರೀಯನ್ನು ಸ್ವೀಕರಿಸಿದರು. ಸ್ವಾಮಿಗಳು ಒಲ್ಲೆನೆಂದದ್ದರಿಂದ ಸುತಾರರು ಪಡೆದದ್ದು ಕಿರಿದಾಯಿತೆಂದು ಕೆಲವರು ಆಡಿಕೊಳ್ಳುವುದುಂಟು. ಅದು ಸಲ್ಲದ ಮಾತು. ಸಂಸಾರದಲ್ಲಿದ್ದುಕೊಂಡೇ ಹಾಡಿದವರಿಗೆ ದೇಶ ಕೈಮುಗಿದರೆ ಅದನ್ನು ಪಡೆಯುವುದೇ ಸೌಜನ್ಯ. ಎಲ್ಲವನ್ನೂ ಬಿಟ್ಟವರು ಇದೊಂದನ್ನು ಮಾತ್ರ ಏಕೆ ಹಿಡಿದಾರು?

ಸ್ವಾಮಿಗಳು 2014ರಲ್ಲಿಯೇ ‘ಅಂತಿಮ ಅಭಿವಂದನ ಪತ್ರ’ವನ್ನು ಬರೆದಿಟ್ಟಿದ್ದರು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅದರಲ್ಲಿಯ ಅಪೇಕ್ಷೆ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದರು. ಮರುದಿನ ಸಕಲ ಸರ್ಕಾರಿ ಗೌರವಗಳೊಡನೆ ಆಶ್ರಮದ ಆವರಣದಲ್ಲಿ ದಹನಕ್ರಿಯೆ ನಡೆಯಿತು.