ಮಳೆಗಾಲದಲ್ಲಿ ಕೋಳಿಗಳಿಗೆ ಧೂಳು ಮತ್ತು ಹರಳು

ಹೇಂಟೆಗಳು ತೆಂಗಿನ ಬುಡ ಕೆದಕಿ ಮಣ್ಣಿನಲ್ಲಿ ಹೊರಳಾಡುವುದು ಚೇಷ್ಟೆಯಲ್ಲ, ಅದು ಅವುಗಳ ಸ್ನಾನ. ಒಣ ಧೂಳು ಗರಿಗಳಲ್ಲಿನ ಹೆಚ್ಚಿನ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಹೇನು, ನುಸಿಗಳನ್ನು ಕೊಡವಿ ಹಾಕಲು ಸಹಾಯವಾಗುತ್ತದೆ. ಆದರೆ ನಮ್ಮ ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಮಣ್ಣು ಎಲ್ಲಿದೆ? ಹಲವು ಅಂಗಳಗಳಿಗೆ ಈಗ ಇಂಟರ್‌ಲಾಕ್ ಬೇರೆ ಬಂದಿದೆ.

ಆದುದರಿಂದ ಮಳೆ ಬೀಳದ ಮಾಡಿನಡಿಯಲ್ಲಿ ಹಳೆಯ ಟಯರನ್ನೋ ಮರದ ಪೆಟ್ಟಿಗೆಯನ್ನೋ ಇಟ್ಟು ಒಣಮಣ್ಣು, ಹೊಯ್ಗೆ, ಜರಡಿ ಹಿಡಿದ ಕಟ್ಟಿಗೆ ಬೂದಿ ತುಂಬಿಸಿರಿ. ಬೂದಿ ಕಡಿಮೆಯಿರಲಿ, ನೆನೆದರೆ ಅದರ ಕ್ಷಾರ ಚರ್ಮವನ್ನು ಸುಡುತ್ತದೆ. ಪ್ಲಾಸ್ಟಿಕ್ ಸುಟ್ಟ ಬಚ್ಚಲೊಲೆಯ ಬೂದಿ ಬೇಡವೇ ಬೇಡ. ಹೇನು ಹೆಚ್ಚಾಯಿತೆಂದು ತೋಟದ ಕೀಟನಾಶಕದ ಪುಡಿಯನ್ನು ಬೆರೆಸಲೂಬಾರದು. ಆ ವಿಷ ಮೊಟ್ಟೆಯ ಮೂಲಕ ಮಕ್ಕಳ ಬಟ್ಟಲಿಗೆ ಬರಬಹುದು. ಸುಪ್ರೀಂ ಕೋರ್ಟು 2011ರಲ್ಲಿ ತಡೆದ ಎಂಡೋಸಲ್ಫಾನನ್ನು ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹರಳಿನ ವಿಷಯ. ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳನ್ನು ಅರೆಯುವುದು ಹೊಟ್ಟೆಯೊಳಗಿನ ದಪ್ಪ ಮಾಂಸದ ಚೀಲ, ಅಂದರೆ ಕೊಯ್ದಾಗ ನಾವು ಸೀಳಿ ಕಲ್ಲು ತೆಗೆದು ತೊಳೆಯುವ ಭಾಗ. ಮೇಯಲು ಬಿಟ್ಟ ಕೋಳಿ ತಾನೇ ಕಲ್ಲು ಹೆಕ್ಕುತ್ತದೆ. ಗೂಡಿನಲ್ಲಿ ಕೂಡಿಟ್ಟವುಗಳಿಗೆ ಭತ್ತದ ಕಾಳಿನಷ್ಟು ದೊಡ್ಡ ಹರಳನ್ನು ಗೆರಟೆಯಲ್ಲಿ ಇಡಿರಿ. ಮರುವಾಯಿ ಚಿಪ್ಪಿನ ಪುಡಿ ಇದಕ್ಕೆ ಬದಲಿಯಲ್ಲ, ಅದು ಹೊಟ್ಟೆಯ ಆಮ್ಲದಲ್ಲಿ ಕರಗಿಹೋಗುತ್ತದೆ. ಅದರ ಕೆಲಸ ಬೇರೆ: ಒಂದು ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಒದಗಿಸುವುದು. ಬೇರೆ ಗೆರಟೆಯಲ್ಲಿಟ್ಟರೆ ಮೊಟ್ಟೆಯಿಡುವ ಹೇಂಟೆ ಬೇಕಾದಷ್ಟೇ ತಿನ್ನುತ್ತದೆ. ಮರಿಗಳಿಗೆ ಕೊಡಬೇಡಿ, ಮೂತ್ರಪಿಂಡ ಕೆಡುತ್ತದೆ.